ತುಂಬಿದ ಡಬ್ಬಿಗಳ ಮನೆ

ಎರಡನೆಯ ಗುಂಡಿ ಸಡಿಲವಾಗಿದೆ, ಇನ್ನೊಂದು ಸಲ ಒಗೆತಕ್ಕೆ ಬಿದ್ದರೆ ಉದುರಿಹೋಗುತ್ತದೆ, ದಾರವೂ ಬೇರೆ, ಬಿಳಿ ಅಂಗಿಗೆ ಯಾರೋ ಕೆನೆಬಣ್ಣದ ದಾರ ಹಾಕಿ ಕೈ ತೊಳೆದುಕೊಂಡಿದ್ದಾರೆ, ಕಾಲರು ಕುತ್ತಿಗೆಗಿಂತ ಒಂದು ಬೆರಳು ದೊಡ್ಡದು, ಅದನ್ನು ಮುಚ್ಚಲು ಟೈ ಬಿಗಿದುಕೊಂಡಿದ್ದಾನೆ, ಇವನು ಸಾಲದ ಕಂಪನಿಯ ಅಧಿಕಾರಿ, ಬಾಯಿ ತೆರೆದರೆ ಲಕ್ಷ, ಗುಂಡಿ ನೋಡಿದರೆ ನೇತಾಟ — ಇಲ್ಲೊಂದು ಸೈನ್ ಹಾಕಿ ಅಮ್ಮ, ಇಲ್ಲೊಂದು, ಹಿಂದುಗಡೆ ಒಂದು, ಇಂಟು ಮಾರ್ಕ್ ಹಾಕಿದೀನಲ್ಲ ಅಲ್ಲೆಲ್ಲ, ಓದೋಕೆ ಏನಿಲ್ಲ, ಎಲ್ಲ ಮಾಮೂಲಿ — ಪೆನ್ಸಿಲಿನಲ್ಲಿ ಪುಟ್ಟ ಪುಟ್ಟ ಇಂಟುಗಳು, ಒಂದೊಂದರ ಮುಂದೆಯೂ ಖಾಲಿ ಗೆರೆ. ಬಟ್ಟೆಯಲ್ಲಿ ಕಲೆಯೋ ತೂತೋ ಕಂಡರೆ ನಾನೂ ಸೀಮೆಸುಣ್ಣದಲ್ಲಿ ಇಂಟು ಹಾಕುತ್ತೇನೆ, ಇಲ್ಲಿ ಕತ್ತರಿ ಆಡಿಸಬೇಡ ಅಂತ, ಶಾಲೆಯಲ್ಲಿ ಮೇಷ್ಟ್ರು ಹಾಕುತ್ತಿದ್ದರು, ಇದು ತಪ್ಪು ಅಂತ, ಲೋಕದಲ್ಲೆಲ್ಲ ಇಂಟು ಇರುವ ಕಡೆ ಹೋಗಬೇಡ ಎನ್ನುತ್ತಾರೆ, ಇವನೊಬ್ಬ ಅಲ್ಲಿಗೇ ಕರೆಯುತ್ತಿದ್ದಾನೆ. ಪೆನ್ನು ನನ್ನ ಕೈಯಲ್ಲಿದೆ. ಯಾವಾಗ ತೆಗೆದುಕೊಂಡೆನೋ ಗೊತ್ತಿಲ್ಲ, ನನ್ನ ಕೈಗೆ ಏನು ಕೊಟ್ಟರೂ ಹಿಡಿದುಕೊಳ್ಳುವುದು ಹುಟ್ಟಿನಿಂದ ಬಂದ ರೋಗ.

ಎಡಗಡೆ ಅಮ್ಮ, ಮಡಿಲಲ್ಲಿ ಕೈಚೀಲ, ಚೀಲದ ಮೇಲೆ ಎರಡೂ ಕೈ, ಅದರೊಳಗೆ ಏನೋ ಇದೆ ಅನ್ನುವ ಹಾಗೆ. ಬಲಗಡೆ ತಮ್ಮ, ಅವನಾಚೆ ತಮ್ಮನ ಹೆಂಡತಿ, ಸಾಲ ತೆಗೆದುಕೊಳ್ಳುವುದಕ್ಕೆ ಬರುವಾಗಲೂ ಕೂದಲು ಬಿಟ್ಟುಕೊಂಡು ಬಂದಿದ್ದಾಳೆ ಮಹಾರಾಣಿ, ಯಾವತ್ತೂ ಬಿಗಿಯಾಗಿ ಜಡೆ ಹಾಕುವವಳು ಇವತ್ತು ಎರಡೂ ಭುಜದ ಮೇಲೆ ಇಳಿಬಿಟ್ಟಿದ್ದಾಳೆ, ಇರಲಿ, ದೊರೆಯ ಹೆಂಡತಿ ಮಹಾರಾಣಿಯಲ್ಲದೆ ಇನ್ನೇನು. ದೊರೆ — ತಮ್ಮನನ್ನು ಮನೆಯಲ್ಲಿ ಕರೆಯುವುದೇ ಹಾಗೆ, ಹುಟ್ಟಿದ ದಿನ ಅಪ್ಪ ಎತ್ತಿಕೊಂಡು ನನ್ನ ದೊರೆ ಬಂದ ಅಂದನಂತೆ, ಅಂದದ್ದೇ ಅಂದದ್ದು, ಇವನು ಇವತ್ತಿಗೂ ಸಿಂಹಾಸನದಿಂದ ಇಳಿದಿಲ್ಲ. ಟೀವಿ ಫ್ರಿಜ್ಜು ಮಾರುವ ದೊಡ್ಡ ಅಂಗಡಿಯಲ್ಲಿ ಕೆಲಸ, ಬೆಳಗಿಂದ ಸಂಜೆವರೆಗೆ ಬಂದವರಿಗೆಲ್ಲ ಒಂದೇ ಮಂತ್ರ, ತಿಂಗಳಿಗೆ ಇಷ್ಟೇ ಸಾರ್, ತಿಂಗಳಿಗೆ ಇಷ್ಟೇ ಮೇಡಂ, ಮಂತ್ರ ಹೇಳಿ ಹೇಳಿ ಮೊದಲು ಮರುಳಾದವನು ಪೂಜಾರಿಯೇ. ಫೋನಿಗೆ ತಿಂಗಳಿಗೆ ಇಷ್ಟೇ, ಬೈಕಿಗೆ ತಿಂಗಳಿಗೆ ಇಷ್ಟೇ, ಗೋಡೆಯಷ್ಟಗಲದ ಟೀವಿಗೆ ಇಷ್ಟೇ, ಸೋಫಾಕ್ಕೆ ಇಷ್ಟೇ, ಆ ಸೋಫಾ ಬಾಗಿಲಲ್ಲಿ ಹಿಡಿಯದೆ ಕಿಟಕಿ ಕೀಳಿಸಿದರಲ್ಲ, ಕಿಟಕಿ ಕಿತ್ತು ಕೂರಿಸಿದ್ದಕ್ಕೂ ಇಷ್ಟೇ, ಎಲ್ಲ ಇಷ್ಟೇಗಳೂ ಒಂದೇ ತಾರೀಕಿಗೆ ಬಂದು ಬಾಗಿಲು ಬಡಿದಾಗ ಇನ್ನೊಂದು ಸಾಲ, ಹಳೆಯ ಸಾಲ ತೀರಿಸಲು ಹೊಸ ಸಾಲ, ಅಂಗಿಯ ತೋಳು ಹರಿದರೆ ಬೆನ್ನು ಕತ್ತರಿಸಿ ತೇಪೆ ಹಾಕಿದಂತೆ. ಒಟ್ಟು ಎಷ್ಟು ಆಗುತ್ತೆ ದೊರೆ ಅಂದರೆ, ಅಯ್ಯೋ ಅಕ್ಕಾ ಒಟ್ಟು ಯಾರು ನೋಡ್ತಾರೆ, ತಿಂಗಳಿಗೆ ನೋಡಬೇಕು. ಈಗ ಕಾರಂತೆ. ಚಿಕ್ಕದಲ್ಲ, ಏಳು ಜನ ಕೂರುವಂಥದ್ದು, ಮನೆಯಲ್ಲಿರುವುದು ನಾವು ನಾಲ್ಕು ಜನ, ಆದರೆ ಅವನ ಜೊತೆ ಕೆಲಸ ಮಾಡುವವನು ತೆಗೆದುಕೊಂಡನಲ್ಲ, ಅಷ್ಟು ಸಾಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಅಮ್ಮ ನನಗೆ ಮಾತ್ರ ಹೇಳುತ್ತಿದ್ದಳು, ಅವನಿಗೆ ಹಾಸಿಗೆಯನ್ನೇ ಎಳೆದು ಉದ್ದ ಮಾಡಿ ಕೊಡುತ್ತಿದ್ದಳು, ನನ್ನ ಹಾಸಿಗೆ ಕಿತ್ತು. ಅಮ್ಮನದೂ ತಪ್ಪೇನಲ್ಲ, ತಪ್ಪೇ, ಯಾಕೆ ತಪ್ಪಲ್ಲ? ನಮ್ಮ ಮನೆಯಲ್ಲಿ ಇಲ್ಲ ಅನ್ನುವ ಮಾತೇ ಆಡಬಾರದು. ಅಜ್ಜಿ ಹಾಕಿದ ಕಟ್ಟಳೆ, ಇಲ್ಲ ಇಲ್ಲ ಅಂದರೆ ಇಲ್ಲವೇ ಬಂದು ಮನೆಯಲ್ಲಿ ಕೂರುತ್ತೆ ಅಂತ. ಸಕ್ಕರೆ ಮುಗಿದರೆ ಸಕ್ಕರೆ ತುಂಬಿದೆ ಅನ್ನಬೇಕು, ಎಣ್ಣೆ ತಳ ಕಂಡರೆ ಎಣ್ಣೆ ತುಂಬಿದೆ, ಅಂಗಡಿಗೆ ಓಡುವ ಮೊದಲು ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಬೇಕು, ಏನೇನು ತುಂಬಿದೆ ಅಮ್ಮಾ? ಅದರಿಂದಲೇ ದೊರೆಯ ಮದುವೆಯಾದದ್ದು, ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ, ಹುಡುಗಿಯ ಅಪ್ಪ ಮನೆ ನೋಡಲು ಬಂದು ಹೊರಗೆ ಕುರ್ಚಿಯಲ್ಲಿ ಕೂತಿದ್ದಾರೆ, ಒಳಗಿಂದ ಅಮ್ಮ ನನಗೆ ಗಟ್ಟಿಯಾಗಿ ಹೇಳುತ್ತಿದ್ದಾಳೆ, ಅಕ್ಕಿ ತುಂಬಿದೆ ಕಣೇ, ಎಣ್ಣೆ ತುಂಬಿದೆ, ಸಕ್ಕರೆನೂ ತುಂಬಿಬಿಟ್ಟಿದೆ, ಹಾಲಂತೂ ನಿನ್ನೆಯಿಂದ ತುಂಬಿದೆ — ಆ ಪುಣ್ಯಾತ್ಮರ ಮುಖ ಅರಳಿದ್ದು ನೋಡಬೇಕಿತ್ತು, ಮನೆಗೆ ಹೋಗಿ ಹೆಂಡತಿಗೆ ಹೇಳಿದರಂತೆ, ಮಗಳು ತುಂಬಿದ ಮನೆ ಸೇರ್ತಾಳೆ ಕಣೇ, ಎಲ್ಲ ಉಕ್ಕಿ ಹರೀತಿದೆ. ಮದುವೆಯಾದ ಮಾರನೆಯ ಬೆಳಗ್ಗೆ ಅವಳು ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆಗೆದು ನೋಡಿದಳು, ಮುಚ್ಚಿದಳು, ತೆಗೆದಳು, ಮುಚ್ಚಿದಳು. ನಾವೇನೂ ಸುಳ್ಳು ಹೇಳಲಿಲ್ಲಪ್ಪ ಅಂತ ಅಮ್ಮ ಇವತ್ತಿಗೂ ಅನ್ನುತ್ತಾಳೆ.

ಅಮ್ಮಾ, ಓದ್ತಾ ಇದೀರಾ? ಅಧಿಕಾರಿ ಕೇಳುತ್ತಿದ್ದಾನೆ, ದೊರೆ ನಗುತ್ತಾನೆ, ನಮ್ಮಕ್ಕ ಹಂಗೇ ಸಾರ್, ಎಲ್ಲದಕ್ಕೂ ಅಳತೆ ತಗೊಂಡೇ ತಗೊಳ್ಳೋದು, ಕತ್ತರಿಯಕ್ಕ ಅಂತಾನೇ ಹೆಸರು. ಹೌದು, ಅಳತೆಯೇ ನನ್ನ ಅನ್ನ, ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು ನಾನು, ಹೊಲಿಯುವವರು ತಪ್ಪಿದರೆ ಬಿಚ್ಚಬಹುದು, ಕತ್ತರಿಸುವವಳು ತಪ್ಪಿದರೆ ಬಟ್ಟೆಯೇ ಹೋಯಿತು. ಡಿಪಾಸಿಟ್ ಒಡೆಯೋದೇನಿಲ್ಲ ಅಮ್ಮ, ನಿಮ್ಮ ಹೆಸರಲ್ಲೇ ಇರುತ್ತೆ, ಸಾಲ ತೀರೋವರೆಗೂ ಸುಮ್ನೆ ನಾವು ಹಿಡಿದಿಟ್ಕೊಂಡಿರ್ತೀವಿ ಅಷ್ಟೇ. ಅಷ್ಟೇ! ಇವನದು ಅಷ್ಟೇ, ದೊರೆಯದು ಇಷ್ಟೇ. ಆ ಡಿಪಾಸಿಟ್ಟು ಈ ತಿಂಗಳು ಕೈಗೆ ಬರುತ್ತದೆ, ಬಂದರೆ ಔಷಧಿ ಅಂಗಡಿಯ ಪಕ್ಕದ ಮೆಟ್ಟಿಲ ಕೆಳಗಿನ ಕೋಣೆ ನನ್ನದು, ಮುಂಗಡ ಕೊಡುತ್ತೇನೆ ಅಂದಿದ್ದೇನೆ, ತಿಂಗಳ ಕೊನೆವರೆಗೆ ಕಾಯ್ತೀನಿ ಕಣಮ್ಮ ಆಮೇಲೆ ಮೊಬೈಲ್ ರಿಪೇರಿಯವನಿಗೆ ಕೊಟ್ಬಿಡ್ತೀನಿ ಅಂದಿದ್ದಾರೆ ಕೋಣೆಯ ಯಜಮಾನರು. ಸಣ್ಣ ಕೋಣೆ, ತಲೆ ಎತ್ತಿದರೆ ಮೆಟ್ಟಿಲು ತಾಗುತ್ತದೆ, ಕತ್ತರಿಸುವ ಮೇಜನ್ನು ಎಲ್ಲಿ ಹಾಕಬೇಕು ಅಂತ ಟೇಪು ಹಿಡಿದು ಅಳೆದು ಬಂದಿದ್ದೇನೆ, ಬೆಳಕು ಎಡಗಡೆಯಿಂದ ಬೀಳುತ್ತದೆ, ಗುಂಡಿಗೆ ಕಾಜಾ ಹಾಕುವ ಮಷಿನ್ನು ಮೂಲೆಗೆ, ಮೇಲೆ ಬೋರ್ಡು. ಇಪ್ಪತ್ತೈದು ವರ್ಷ ಇನ್ನೊಬ್ಬರ ಮೇಜಿನ ಮೇಲೆ ಕತ್ತರಿ ಆಡಿಸಿದ್ದು ಸಾಕು, ಇನ್ನು ನನ್ನ ಮೇಜು. ಸೈನ್ ಹಾಕಿದರೆ ಕೋಣೆ ಮೊಬೈಲಿನವನದು, ನಾನು ಕಣ್ಣು ಮಂಜಾಗುವವರೆಗೆ ಇನ್ನೊಬ್ಬರ ಅಂಗಡಿಯಲ್ಲೇ ಕಾಲರು ಕತ್ತರಿಸಿಕೊಂಡು ಇರುತ್ತೇನೆ.

ಯಾರಿಗೆ ಕೂಡಿಡ್ತೀಯೇ, ನಿಂಗ್ಯಾರಿದಾರೆ ಅಂತ ಅಮ್ಮ ಕೇಳಿದಳಲ್ಲ, ಮದುವೆಯಾಗದವಳ ದುಡ್ಡಿಗೆ ಊರೆಲ್ಲ ವಾರಸುದಾರರು. ನನಗೆ! ನನಗೆ ನಾನಿದ್ದೇನೆ, ನಾನೊಬ್ಬಳು ಲೆಕ್ಕಕ್ಕೆ ಬರುವುದಿಲ್ಲವೇ? ತಪ್ಪು ನನ್ನದೇ, ಡಿಪಾಸಿಟ್ಟಿನ ಸುದ್ದಿ ಸಂತೋಷ ತಡೆಯಲಾರದೆ ನಾನೇ ಅಮ್ಮನಿಗೆ ಹೇಳಿದೆ, ಅಮ್ಮ ದೊರೆಗೆ ಹೇಳಿದಳು, ಅಕ್ಕನ ಹತ್ರ ತುಂಬಿದೆಯಂತೆ ಕಣೋ ಅಂತ, ಆ ಮನೆಯ ಚರಿತ್ರೆಯಲ್ಲೇ ಮೊದಲ ಸಲ ತುಂಬಿದೆ ಅಂದದ್ದಕ್ಕೆ ತುಂಬಿದೆ ಅಂತಲೇ ಅರ್ಥವಾಯಿತು. ಬಟ್ಟೆ ಕತ್ತರಿಸುವಾಗ ಹೊಲಿಗೆಯ ಒಳಗೆ ಒಂದು ಬೆರಳು ಬಟ್ಟೆ ಬಿಡಬೇಕು, ಹೊರಗೆ ಯಾರಿಗೂ ಕಾಣುವುದಿಲ್ಲ, ನಾಳೆ ಮೈ ಬಂದರೆ ಬಿಚ್ಚಿ ದೊಡ್ಡದು ಮಾಡಿಕೊಳ್ಳಲು ಅದೇ ದಾರಿ, ಇದನ್ನು ಕಲಿಯಲು ನನಗೆ ಒಂದು ವಾರ ಸಾಕಾಯಿತು, ನಮ್ಮ ಮನೆಯವರು ಮೂರು ತಲೆಮಾರಿನಿಂದ ಅಂಚಿಗೆ ಸರಿಯಾಗಿ ಹೊಲಿದುಕೊಂಡು ಉಸಿರು ಬಿಟ್ಟರೆ ಹರಿಯುತ್ತದೆ ಅಂತ ಹೊಟ್ಟೆ ಒಳಗೆ ಎಳೆದುಕೊಂಡು ಓಡಾಡುತ್ತಿದ್ದಾರೆ. ನಾನು ಒಳ್ಳೆಯ ಕತ್ತರಿ ಕೊಂಡಾಗ ಎಷ್ಟು ಬೈಗುಳ, ಕತ್ತರಿಗೆ ಯಾರಾದ್ರೂ ಇಷ್ಟು ಸುರೀತಾರಾ, ತಲೆ ಕೆಟ್ಟಿದೆಯಾ ನಿಂಗೆ — ಅದಕ್ಕೆ ಮೊದಲು ವರ್ಷಕ್ಕೆ ಎರಡು ಅಗ್ಗದ ಕತ್ತರಿ ಮುರಿಯುತ್ತಿದ್ದೆ, ಆಗ ಯಾರೂ ಬೈಯಲಿಲ್ಲ, ಅಗ್ಗದ್ದು ಎಷ್ಟು ಸಲ ಕೊಂಡರೂ ನಮ್ಮವರಿಗೆ ಖರ್ಚು ಅನ್ನಿಸುವುದಿಲ್ಲ. ದೊರೆಯ ಮದುವೆಗೆ ನನ್ನ ಬಳೆ ಹೋದಾಗ ಅದು ಖರ್ಚಲ್ಲ, ಪ್ರೀತಿ. ನನ್ನ ಕತ್ತರಿ ಮಾತ್ರ ದುಂದು.

ಬರೀ ಸೈನು, ದುಡ್ಡು ಕೊಡೋದಲ್ಲ ಅಂತ ಆ ಕಾಲದಲ್ಲಿ ಅಪ್ಪ ಅಮ್ಮನಿಗೆ ಅಂದಿದ್ದ, ಇವತ್ತು ಬೆಳಗ್ಗೆ ದೊರೆಯೂ ಅದನ್ನೇ ಅಂದ, ಅದೇ ಪದ, ಅದೇ ಸ್ವರ, ತಂದೆಯಿಂದ ಮಗನಿಗೆ ಬಂದ ಆಸ್ತಿ ಅದೊಂದೇ. ಅಪ್ಪ ಅಚ್ಚುಮನೆಯಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದ, ಅಲ್ಲೇ ಪುಸ್ತಕಕ್ಕೆ ರಟ್ಟು ಕಟ್ಟುವ ಸ್ನೇಹಿತನೊಬ್ಬ, ನಾವು ಅವನನ್ನು ರಟ್ಟುಮಾಮ ಅನ್ನುತ್ತಿದ್ದೆವು, ಬಂದಾಗಲೆಲ್ಲ ಮಿಠಾಯಿ ತರುತ್ತಿದ್ದ, ಅವನ ಸಾಲಕ್ಕೆ ಅಪ್ಪ ಜಾಮೀನು ನಿಂತ. ಊರಿಗೆ ಉಪಕಾರಿ, ಮನೆಗೆ ಮಾರಿ. ಒಂದು ದಿನ ರಟ್ಟುಮಾಮ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೋ ಹೋದ, ಸಾಲದವರು ನಮ್ಮ ಬಾಗಿಲಿಗೆ ಬಂದರು, ಕೊಟ್ಟವನು ಕೋಡಂಗಿ ಇಸ್ಕೊಂಡವನು ಈರಭದ್ರ ಅನ್ನುತ್ತಾರೆ, ನಮ್ಮಪ್ಪ ಕೊಡದೆಯೇ ಕೋಡಂಗಿಯಾದ. ಮೊದಲು ಅವನ ಸೈಕಲ್ಲು ಹೋಯಿತು, ಆಮೇಲೆ ನನ್ನ ಶಾಲೆ, ದೊರೆಯ ಶಾಲೆ ಹೋಗಲಿಲ್ಲ, ಆಮೇಲೆ ಅಮ್ಮನ ಓಲೆ. ಕಿವಿಯ ತೂತು ಮುಚ್ಚಿಹೋಗಬಾರದು ಅಂತ ಅಮ್ಮ ಪೊರಕೆಯಿಂದ ಒಂದು ಕಡ್ಡಿ ಮುರಿದು, ಹಲ್ಲಿನಲ್ಲಿ ತುದಿ ಕಡಿದು ನುಣ್ಣಗೆ ಮಾಡಿ, ಕಿವಿಗೆ ಚುಚ್ಚಿಕೊಂಡಳು, ನಾನು ಕನ್ನಡಿ ಹಿಡಿದಿದ್ದೆ. ಯಾರಾದರೂ ಕೇಳಿದರೆ ಕಿವಿ ಕೀವಾಗಿದೆ ಕಣ್ರೀ, ಡಾಕ್ಟ್ರು ಚಿನ್ನ ಹಾಕ್ಬೇಡಿ ಅಂದಿದಾರೆ. ಓಲೆ ಇಲ್ಲ ಅನ್ನಬಾರದಲ್ಲ. ಆ ಕೀವು ನಾನು ಸಂಬಳ ತರುವವರೆಗೆ ಒಣಗಲೇ ಇಲ್ಲ.

ಸೆಖೆ ಆಗ್ತಿದೆಯಾ ಅಮ್ಮ, ಬೆವರ್ತಾ ಇದೀರಿ, ಫ್ಯಾನ್ ಹಾಕ್ತೀನಿ ಇರಿ — ಬೀರುವಿನ ಮೇಲಿದ್ದ ಫ್ಯಾನು ಕಿರ್ ಅಂತ ಶುರುವಾಯಿತು, ಅತ್ತ ಇತ್ತ ಕತ್ತು ತಿರುಗಿಸುವಂಥದ್ದು, ಮೊದಲು ಗೋಡೆಗೆ ಗಾಳಿ, ಆಮೇಲೆ ಅಧಿಕಾರಿಯ ಕಾಗದಗಳಿಗೆ, ಅವನು ಅಂಗೈಯಿಂದ ಒತ್ತಿ ಹಿಡಿದ, ಆಮೇಲೆ ನಮಗೆ, ಅಮ್ಮನಿಗೆ, ನನಗೆ, ದೊರೆಗೆ, ತಮ್ಮನ ಹೆಂಡತಿಗೆ, ಬಿಟ್ಟ ಕೂದಲು ಒಮ್ಮೆಗೇ ಹಿಂದೆ ಹಾರಿತು, ಕಿವಿ ಕಂಡಿತು, ಕಿವಿಯಲ್ಲಿ ಕಡ್ಡಿ. ಅವಳು ಕೈಯಿಂದ ಕೂದಲು ಎಳೆದು ಮುಚ್ಚಿಕೊಂಡಳು. ಫ್ಯಾನು ವಾಪಸು ಗೋಡೆಯ ಕಡೆ. ನಾನು ಸರಿಯಾಗಿ ನೋಡಿದೆನೇ? ಅವಳ ಓಲೆ, ಕೆಂಪು ಹರಳಿನದು, ತೌರಿನದು, ಸ್ನಾನಕ್ಕೂ ತೆಗೆಯುತ್ತಿರಲಿಲ್ಲ — ಕಾರಿನ ಮುಂಗಡ ಕಟ್ಟಾಯ್ತಕ್ಕಾ, ನಿನ್ನದು ಒಂದು ಸೈನು ಅಷ್ಟೇ ಬಾಕಿ ಅಂತ ನಿನ್ನೆ ರಾತ್ರಿ ದೊರೆ ಅಂದಾಗ ಎಲ್ಲಿಂದ ಬಂತೋ ಅಂತ ನಾನು ಕೇಳಲಿಲ್ಲ, ಅಂಗಡಿಯಲ್ಲಿ ಬೋನಸ್ ಕೊಟ್ಟಿರಬೇಕು ಅಂದುಕೊಂಡೆ, ಬೋನಸ್ಸಂತೆ ಬೋನಸ್ಸು, ಗಿರವಿ ಅಂಗಡಿಯ ಬೋನಸ್ಸು. ಕೂದಲು ಬಿಟ್ಟದ್ದು ಮಹಾರಾಣಿತನಕ್ಕಲ್ಲ. ಯಾರಾದರೂ ಕೇಳಿದರೆ ಏನು ಹೇಳಬೇಕೆಂದು ಅತ್ತೆ ಸೊಸೆಗೆ ಹೇಳಿಕೊಟ್ಟಿರುತ್ತಾಳೆ, ಕಿವಿ ಕೀವಾಗಿದೆ ಅಂತ.

ಮತ್ತೆ ಬಂತು ಗಾಳಿ, ಕೂದಲು ಎದ್ದಿತು, ಕಡ್ಡಿ. ಒಂದು ತುದಿ ಚೂಪಾಗಿ ಉಳಿದಿದೆ, ಹಲ್ಲಿನಲ್ಲಿ ಸರಿಯಾಗಿ ಕಡಿದಿಲ್ಲ, ಅವಳಿಗೆ ಕನ್ನಡಿ ಹಿಡಿಯುವವರೂ ಇರಲಿಲ್ಲ. ಅಮ್ಮ ಕೂಡ ಅತ್ತಲೇ ನೋಡುತ್ತಿದ್ದಾಳೆ, ಅಮ್ಮಾ, ನಿನಗೂ ಕಾಣುತ್ತಿದೆ, ಕಾಣುತ್ತಿದೆಯಲ್ಲವೇ, ನಿನ್ನ ಕೈ ಚೀಲ ಬಿಟ್ಟು ನಿನ್ನ ಕಿವಿಗೇ ಹೋಯಿತು, ನಾನು ತಂದುಕೊಟ್ಟ ಓಲೆಯನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದೀಯ, ಆದರೆ ಬಾಯಿ ಬಿಟ್ಟದ್ದು ಮಾತ್ರ ನನಗೆ ಹೇಳಲು, ಹಾಕೇ ಬೇಗ, ಸಾಹೇಬ್ರು ಎಷ್ಟು ಹೊತ್ತು ಕಾಯ್ತಾರೆ, ಒಡಹುಟ್ಟಿದವನಿಗೆ ತಾನೇ. ಪೆನ್ನಿನ ತುದಿ ಇಂಟಿನ ಮೇಲಿದೆ. ಮನಸ್ಸಿಲ್ಲ ಅಂದ್ರೆ ಬಿಡಕ್ಕಾ, ಬಲವಂತ ಇಲ್ಲ ಅಂತ ದೊರೆ, ಮುಖ ಊದಿಸಿಕೊಂಡು, ನಿನ್ನ ಹತ್ರ ದುಡ್ಡಿಲ್ಲ ಅಂತ ಹೇಳ್ಬಿಡು, ಸಾರ್ ಹತ್ರ ನಾನು ಮರ್ಯಾದೆ ಕಳ್ಕೋತೀನಿ ಅಷ್ಟೇ. ಅಷ್ಟೇ! ಒಳ್ಳೆಯ ದಾರಿ ತೋರಿಸಿದ, ಇಲ್ಲ ಅನ್ನುವುದು, ಎಲ್ಲರೂ ಹಾಗೇ ತಪ್ಪಿಸಿಕೊಳ್ಳುತ್ತಾರೆ, ಕೊಡಲು ಮನಸ್ಸಿಲ್ಲದವರು ಇಲ್ಲ ಅನ್ನುತ್ತಾರೆ, ಇಲ್ಲದವರು ತುಂಬಿದೆ ಅನ್ನುತ್ತಾರೆ, ಯಾರ ಬಾಯಲ್ಲೂ ಇದ್ದದ್ದು ಇದ್ದ ಹಾಗೆ ಬರುವುದಿಲ್ಲ. ನಾನು ಯಾಕೆ ಇಲ್ಲ ಅನ್ನಬೇಕು? ಇದೆ. ಒಂದೊಂದು ಅಂಗಿ ಕತ್ತರಿಸಿ, ಒಂದೊಂದು ಬೆರಳು ಒಳಗೆ ಬಿಟ್ಟು ಮಾಡಿದ್ದು, ಕಳ್ಳತನದ್ದಲ್ಲ, ಬಡವಿಯ ಹಾಗೆ ಮುಖ ಮಾಡಿಕೊಂಡು ಅದನ್ನು ಸೆರಗಿನಲ್ಲಿ ಮುಚ್ಚಿಡಲಾರೆ. ಪೆನ್ನು ಮೇಜಿನ ಮೇಲಿಟ್ಟೆ. ಸದ್ದು ಸ್ವಲ್ಪ ಜೋರೇ ಆಯಿತು.

ಯಾಕಮ್ಮ, ಡಿಪಾಸಿಟ್ ಇಲ್ವಾ? ಇದೆ ಸಾರ್, ಕೊಡಲ್ಲ. ಯಾರ ದನಿ ಅದು, ನನ್ನದೇ, ಇಷ್ಟು ಸಲೀಸಾಗಿ ಬಂತಲ್ಲ, ಇದೆ ಕೊಡಲ್ಲ, ಎರಡು ಪದ, ನಲವತ್ತೆಂಟು ವರ್ಷ ನಾಲಿಗೆಯ ಕೆಳಗೆ ಕೂತಿದ್ದವು. ಅಧಿಕಾರಿಗೆ ಅರ್ಥವಾಗಲಿಲ್ಲ, ಇಲ್ಲ ಅಂತೀರಾ? ಇಲ್ಲ ಅನ್ನಲ್ಲ, ನಮ್ಮ ಮನೇಲಿ ಹಂಗೆ ಅನ್ನಬಾರದು, ಇದೆ, ನನ್ನದು, ಕೊಡಲ್ಲ. ದೊರೆ ಎದ್ದು ನಿಂತ, ಕುರ್ಚಿ ಹಿಂದಕ್ಕೆ ಬಿತ್ತು, ನೀನು ಅಕ್ಕನಾ ನೀನು, ಇನ್ನು ಮೇಲೆ ನಮ್ಮ ಹೊಸ್ತಿಲು ತುಳೀಬೇಡ, ನಾನು ಸತ್ತೆ ಅಂತ ತಿಳ್ಕೊ — ತಿಳ್ಕೋತೀನಿ ದೊರೆ, ಆ ಹೊಸ್ತಿಲಿನ ಬಾಡಿಗೆಯಲ್ಲಿ ಅರ್ಧ ನಾನೇ ಕಟ್ಟುವುದು, ಈ ತಿಂಗಳಿಂದ ಅದೂ ಇಲ್ಲ, ನೋಡು, ಎಷ್ಟು ಸುಲಭ, ಇಲ್ಲ, ಇಲ್ಲ, ಬಾಯಿ ಸುಡಲಿಲ್ಲ. ಅಮ್ಮ ಅಳುತ್ತಿದ್ದಾಳೆ, ನನ್ನ ಹೊಟ್ಟೇಲಿ ಹುಟ್ಟಿದವಳಾ ನೀನು ಅಂತ, ಹೌದಮ್ಮ, ನಿನ್ನ ಹೊಟ್ಟೆಯಲ್ಲೇ, ನಿನಗೆ ಕನ್ನಡಿ ಹಿಡಿದವಳು, ಅಳು, ಬೇಕಾದಷ್ಟು ಅಳು, ನನ್ನ ಕೋಣೆಗೆ ಬಾ, ಅಲ್ಲಿ ಒಂದು ಕುರ್ಚಿ ಹಾಕಿರುತ್ತೇನೆ, ಸೈನ್ ಮಾತ್ರ ಕೇಳಬೇಡ. ಊರು ಏನಾದರೂ ಅನ್ನಲಿ, ಕಲ್ಲೆದೆಯವಳು, ದುಡ್ಡಿನ ಪಿಶಾಚಿ, ಅಂದುಕೊಳ್ಳಲಿ, ಅವರ ಮಾತಿಗೆ ಕಂತು ಕಟ್ಟುವವಳು ನಾನಲ್ಲ. ಕಾರು ಬರುವುದಿಲ್ಲ, ಕಟ್ಟಿದ ಮುಂಗಡ ವಾಪಸು ಬಂದೇ ಬರಬೇಕು, ಬಂದರೆ ಮೊದಲು ಯಾವುದನ್ನು ಬಿಡಿಸಬೇಕು ಅಂತ ನನಗೆ ಗೊತ್ತು, ಅವಳಿಗೂ ಗೊತ್ತು, ದೊರೆ ಬಿಡಿಸುತ್ತಾನೆಯೋ ಇನ್ನೊಂದು ಇಷ್ಟೇಗೆ ಸುರಿಯುತ್ತಾನೆಯೋ, ಅವಳು ಕೇಳುತ್ತಾಳೆಯೋ ಡಬ್ಬಿಯ ಮುಚ್ಚಳ ಮುಚ್ಚಿದ ಹಾಗೆ ಸುಮ್ಮನಿರುತ್ತಾಳೆಯೋ, ಕೇಳು ಕಣೇ, ಇವತ್ತಾದರೂ ಬಾಯಿಬಿಟ್ಟು ಕೇಳು —

ಗಂಡ ಕೂಗುತ್ತಿದ್ದಾನೆ, ಏಳು, ಹೋಗೋಣ, ಎದ್ದೇಳೇ, ಅವಳು ಏಳಲಿಲ್ಲ, ಮುಖವೆತ್ತಿ ನನ್ನನ್ನು ನೋಡುತ್ತಿದ್ದಾಳೆ, ಫ್ಯಾನು ತಿರುಗಿ ಅವಳ ಕಡೆ ಬಂತು, ಕೂದಲು ಹಿಂದಕ್ಕೆ ಹಾರಿತು, ಕೈ ಮಡಿಲಲ್ಲೇ ಇದೆ, ಮುಚ್ಚಿಕೊಳ್ಳಲಿಲ್ಲ, ಎಲ್ಲರೂ ನೋಡಲಿ ಅಂತ ಹಾಗೇ ಬಿಟ್ಟಳು, ಕಿವಿ, ಕಿವಿಯಲ್ಲಿ ಕಡ್ಡಿ, ಕಡ್ಡಿಯ ಚೂಪು ತುದಿ, ಕಡ್ಡಿ —